ಕಾರಿನ ಚಕ್ರಕ್ಕೆ ಲಾಕ್ ನಟ್ ಹಾಕಿಸಬೇಕಾ?

ಲಾಕ್ ನಟ್ ಅಂದರೆ ಚಕ್ರ ಕಳುವಾಗದಂತೆ ಹಾಕುವ ನಟ್. ಅಲಾಯ್ ವೀಲ್ ಇದ್ದು, ರಾತ್ರಿ ಕಾರನ್ನು ರಸ್ತೆ ಬದಿಯಲ್ಲೇ ನಿಲ್ಲಿಸುವುದಾದರೆ ಖಂಡಿತ ಹಾಕಿಸಿ. ಸಾದಾ ಸ್ಟೀಲ್ ವೀಲ್ ಆದರೆ ಸುಮ್ನೆ ಖರ್ಚು.

ಮಾಮೂಲಿ ನಟ್‌ಗೆ ಆರು ಮೂಲೆ. ಅಳತೆ ಸರಿಯಿದ್ದರೆ ಯಾವ ಪಾನಾ ಹಾಕಿದರೂ ಬಿಚ್ಚುತ್ತದೆ. ಲಾಕ್ ನಟ್‌ನ ತಲೆ ದುಂಡಗಿದ್ದು, ಅದರ ಮೇಲೆ ಹೂವಿನ ಎಸಳಿನಂಥ ಅಂಕುಡೊಂಕು ಗೆರೆ ಕೊರೆದಿರುತ್ತದೆ. ಅದಕ್ಕೆ ಜೋಡಿಯಾದ ಕೀ ಕೂತರೆ ಮಾತ್ರ ತಿರುಗುತ್ತದೆ. ಪ್ರತಿ ಚಕ್ರಕ್ಕೆ ಒಂದು ಸಾಕು. ಪಳಗಿದ ಕಳ್ಳ ಇದನ್ನೂ ಬಿಚ್ಚಬಲ್ಲ, ಆದರೆ ಹೊತ್ತು ಹಿಡಿಯುತ್ತದೆ, ಸದ್ದೂ ಆಗುತ್ತದೆ.

ಕೀ ಮಾತ್ರ ಜೋಪಾನ. ಸ್ಟೆಪ್ನಿ ಜೊತೆಗೇ ಇಡಿ, ಅದರ ಕೋಡ್ ನಂಬರನ್ನು ಮನೆಯಲ್ಲಿ ಬರೆದಿಡಿ. ಪಂಕ್ಚರ್ ಅಂಗಡಿಯಲ್ಲಿ ಅದಕ್ಕೆ ಏರ್ ಗನ್ ಹಚ್ಚಲು ಬಿಡಬೇಡಿ, ಕೀಯ ಸಣ್ಣ ಹಲ್ಲು ಮುರಿಯಬಹುದು. ಕೈಯಲ್ಲೇ ಬಿಚ್ಚಿಸಿ. ಕೆಲಸ ಮುಗಿದ ಮೇಲೆ ಕೀ ವಾಪಸ್ ಇಸ್ಕೊಂಡು ಬನ್ನಿ.