ಮಿಷನ್ ಹೇಳಿದ್ದಕ್ಕೆ ಸಹಿ ಯಾರದು?

ಪ್ರಶ್ನೆ: ಹಾಸನದ ಹತ್ತಿರ ನಮ್ಮದು ತಂದೆಯ ಕಾಲದ ಕಾಫಿ ಕ್ಯೂರಿಂಗ್ ವರ್ಕ್ಸ್ (ಬೆಳೆಗಾರರ ಒಣ ಕಾಫಿಯ ಸಿಪ್ಪೆ ತೆಗೆದು ಕಾಳು ವಿಂಗಡಿಸುವ ಕಾರ್ಖಾನೆ). ಕಾಳು ವಿಂಗಡಿಸಲು ಈ ವರ್ಷ ಎಐ ಕ್ಯಾಮೆರಾದ ಸಾರ್ಟರ್ ತಂದೆವು. ಈಗ ಬ್ಲ್ಯಾಕ್ (ಕಪ್ಪು ಕಾಳು), ಬಿಟ್ಸ್ (ಒಡೆದ ಚೂರು) ಜಾಸ್ತಿ ತೋರಿಸುತ್ತಿದೆ ಎಂದು ಬೆಳೆಗಾರರ ತಕರಾರು. ಮಾರಿದವರು "ಎಐ ತಪ್ಪು ಮಾಡಲ್ಲ" ಅನ್ನುತ್ತಾರೆ. ನಾವು ಏನು ನಿಯಮ ಇಟ್ಟುಕೊಳ್ಳಬೇಕು?
– ಓದುಗರು, ಹಾಸನ

ಉತ್ತರ: ಮೊದಲು ಬೆಳೆಗಾರರ ಮಾತು ಕೇಳಿ. ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು 26 ವರ್ಷ ಇದ್ದವನು. ಬಣ್ಣ ನೋಡಿ ಕಾಳು ಬೇರೆ ಮಾಡುವ ಕಲರ್ ಸಾರ್ಟರ್ ಹೊಸದಾಗಿ ಬಂದಾಗ, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಕಾಫಿ) ಓಡಿಸಿದ ಸೆಟ್ಟಿಂಗ್‌ನಲ್ಲೇ ಚೆರ್ರಿಯನ್ನೂ (ಹಣ್ಣನ್ನು ಹಾಗೇ ಒಣಗಿಸಿದ್ದು) ಹಾಕಿಬಿಟ್ಟೆವು. ಪಾರ್ಚ್‌ಮೆಂಟ್‌ನ ಕಾಳು ನೀಲಿ ಬೆರೆತ ಹಸಿರು. ಚೆರ್ರಿಯದು ಕಂದು. ಒಳ್ಳೆಯ ಕಾಳೆಲ್ಲ ರಿಜೆಕ್ಟ್ ಚೀಲಕ್ಕೆ ಬಿತ್ತು. ಅದನ್ನು ಹಿಡಿದವರು ಕಾಳು ಆರಿಸುವ ಹೆಂಗಸೊಬ್ಬರು. ಅಂಗೈ ತುಂಬ ತಂದು, "ಇದ್ಯಾಕೆ ಇಲ್ಲಿಗೆ ಬಂತು ಸಾರ್?" ಅಂದರು. ಅಷ್ಟರಲ್ಲಿ ಒಬ್ಬ ಸಣ್ಣ ಬೆಳೆಗಾರರು ಔಟ್‌ಟರ್ನ್ ಚೀಟಿ (ಅವರ ಕಾಫಿಯಲ್ಲಿ ಯಾವ ದರ್ಜೆಯ ಕಾಳು ಎಷ್ಟು ಬಂತು ಎಂಬ ಲೆಕ್ಕ) ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರ ಒಂದು ವರ್ಷದ ದುಡಿಮೆ ಅದು. ಆ ಮುಖ ನನಗೆ ಇನ್ನೂ ಮರೆತಿಲ್ಲ.

ನಿಮ್ಮ ಎಐ ಕೂಡ ತೋರಿಸಿದ ಚಿತ್ರ ನೋಡಿಯೇ ಕಲಿತದ್ದು. ಯಾವ ಕಾಫಿ ತೋರಿಸಿ ಕಲಿಸಿದರು, ನಮ್ಮ ರೊಬಸ್ಟಾ ಚೆರ್ರಿ ಅದರಲ್ಲಿತ್ತೇ ಅಂತ ಬರಹದಲ್ಲೇ ಕೇಳಿ. ಉತ್ತರ ಕೊಡದಿದ್ದರೆ ಕೊನೆಯ ಕಂತು ಕೊಡಬೇಡಿ.

ನಿಮ್ಮ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನದವರ ಮುದ್ರೆ ಬೀಳುತ್ತದೆ, ಅಲ್ವಾ? ಸಾರ್ಟರ್‌ನ ತೀರ್ಪಿಗೆ ಅಂಥ ಮುದ್ರೆ ಇಲ್ಲ. ನೀವೇ ಹಾಕಬೇಕು. ಪ್ರತಿ ಲಾಟ್‌ನ ರಿಜೆಕ್ಟ್‌ನಿಂದ ಒಂದು ಕಿಲೋ ತೆಗೆದು ಕೈಯಲ್ಲಿ ಆರಿಸಿ, ಬೆಳೆಗಾರರು ಬಂದಿದ್ದರೆ ಅವರ ಎದುರಿಗೇ. ಒಳ್ಳೆಯ ಕಾಳು ಎಷ್ಟು ಸಿಕ್ಕಿತು ಅಂತ ಪುಸ್ತಕದಲ್ಲಿ ಬರೆಯಿರಿ. ಸೆಟ್ಟಿಂಗ್ ಬದಲಾದರೆ ಯಾರು, ಯಾವಾಗ, ಯಾಕೆ ಅಂತ ಅಲ್ಲೇ ಬರಬೇಕು. ಔಟ್‌ಟರ್ನ್ ಚೀಟಿಗೆ ಒಬ್ಬ ಮನುಷ್ಯ ಸಹಿ ಹಾಕಬೇಕು. ಬೆಳೆಗಾರರು ಕೇಳಿದಾಗ "ಮಿಷನ್ ಹೇಳಿತು" ಅನ್ನದೆ ಉತ್ತರ ಕೊಡಬೇಕಾದವರು ಸಹಿ ಹಾಕಿದವರೇ. ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಎಐ ಮಾರ್ಗಸೂಚಿ ಹೊರಡಿಸಿದೆ. ಅದು ಕಾನೂನಲ್ಲ, ಆದರೆ ಹೊಣೆ ಯಾರದು ಎಂಬುದು ಸ್ಪಷ್ಟವಿರಲಿ ಅನ್ನುತ್ತದೆ.

ಅದೇ ಕ್ಯಾಮೆರಾವನ್ನು ಮುಂದೆ ಆರಿಸುವ ಹೆಂಗಸರ ಮೇಲೂ ಇಡೋಣ ಎಂದು ಯಾರಾದರೂ ಹೇಳಬಹುದು. ದಯವಿಟ್ಟು ಬೇಡ. ಅವರ ಮುಖದ ಚಿತ್ರ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತದೆ. ಬದಲಿಗೆ ಅನುಭವ ಇರುವ ಇಬ್ಬರಿಗೆ ಸಾರ್ಟರ್ ನಿಲ್ಲಿಸುವ ಅಧಿಕಾರ ಕೊಡಿ. ನಿಲ್ಲಿಸಿದ್ದಕ್ಕೆ ಯಾರೂ ಬೈಯಬಾರದು.

ತಕರಾರು ಬಂದ ಲಾಟ್‌ಗಳ ರಿಜೆಕ್ಟ್ ಚೀಲ ಇನ್ನೂ ಗೋದಾಮಿನಲ್ಲಿದ್ದರೆ ಈ ವಾರವೇ ಬಿಚ್ಚಿಸಿ ಆರಿಸಿ. ಒಳ್ಳೆಯ ಕಾಳು ಸಿಕ್ಕರೆ, ಅವರು ಮತ್ತೆ ಬಂದು ಕೇಳುವ ಮೊದಲೇ ಹಣ ಕೊಟ್ಟುಬಿಡಿ.