ಕಣ್ಣೀರು, ಕಟ್ಟಿದ ಮೂಗು, ಅರೆತಲೆನೋವು: ತಪ್ಪು ಯಾವ ನರದ್ದು?

ಪ್ರಶ್ನೆ: ನನಗೆ 36 ವರ್ಷ. ತಿಂಗಳಿಗೆ ನಾಲ್ಕೈದು ಸಲ ಬಲಗಡೆ ತಲೆ ಸಿಡಿಯುತ್ತದೆ, ಇಡೀ ದಿನ ಬಿಡುವುದಿಲ್ಲ, ವಾಕರಿಕೆಯೂ ಇದೆ. ಜೊತೆಗೆ ಕಣ್ಣಲ್ಲಿ ನೀರು, ಮೂಗು ಕಟ್ಟುತ್ತದೆ. ಸೈನಸ್ ಎಂದು ಎರಡು ವರ್ಷ ಮಾತ್ರೆ ನುಂಗಿದೆ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಫೇಷಿಯಲ್ ನರ ಒತ್ತಿಕೊಂಡಿದೆ, ಬೊಟಾಕ್ಸ್ ಚುಚ್ಚುಮದ್ದು ಹಾಕಿಸು ಎನ್ನುತ್ತಾರೆ. ಹಾಕಿಸಲೇ?
— ಓದುಗರೊಬ್ಬರು, ಹಾಸನ

ಉತ್ತರ: ಹೆಸರು ನೋಡಿ ಮೋಸಹೋಗಬೇಡಿ. ಫೇಷಿಯಲ್ ನರ, ಅಂದರೆ ಮಿದುಳಿನಿಂದ ನೇರ ಹೊರಡುವ ಕಪಾಲ ನರಗಳಲ್ಲಿ ಏಳನೆಯದು, ಕಿವಿಯ ಹಿಂದಿನ ಎಲುಬಿನ ತೂತಿನಿಂದ ಹೊರಬಂದು ಕೆನ್ನೆಯ ಜೊಲ್ಲುಗ್ರಂಥಿಯೊಳಗೆ ಐದು ಕವಲಾಗುತ್ತದೆ. ಹುಬ್ಬೇರಿಸುವುದು, ಕಣ್ಣು ಮುಚ್ಚುವುದು, ನಗುವುದು ಅದರ ಕೆಲಸ. ಅದು ಕೆಟ್ಟರೆ ಬಾಯಿ ಸೊಟ್ಟಗಾದೀತು, ಅರೆತಲೆನೋವು, ಅಂದರೆ ಮೈಗ್ರೇನ್, ಬಾರದು. ಮುಖದ ನೋವನ್ನು ಮಿದುಳಿಗೆ ಮುಟ್ಟಿಸುವುದು ಐದನೆಯದು, ಟ್ರೈಜೆಮಿನಲ್. ಅದರ ಮೂರು ಕವಲುಗಳಲ್ಲಿ ಮೇಲಿನದು ಹಣೆ, ಕಣ್ಣಿನ ಸುತ್ತಮುತ್ತಲಷ್ಟೇ ಅಲ್ಲ, ಮಿದುಳಿನ ಹೊದಿಕೆಯ ಬಹುಭಾಗಕ್ಕೂ ಹರಡಿದೆ. ಮೈಗ್ರೇನ್ ಕೆರಳಿದಾಗ ಈ ನರದ ತುದಿಗಳು ಸಿಜಿಆರ್‌ಪಿ ಎಂಬ ರಾಸಾಯನಿಕ ಸುರಿಸುತ್ತವೆ. ರಕ್ತನಾಳ ಹಿಗ್ಗುತ್ತದೆ, ನೋವು ಏರುತ್ತದೆ. ಈ ನರ ಮಿದುಳಿನ ಬುಡದಲ್ಲಿ ಸೇರುವ ಕೇಂದ್ರಕ್ಕೇ ಕತ್ತಿನ ಮೇಲ್ಭಾಗದ ನರಗಳೂ ಬಂದು ಸೇರುವುದರಿಂದ ಕುತ್ತಿಗೆಯೂ ಹಿಡಿಯುತ್ತದೆ. ಪಾಪ, ಬೈಗುಳ ಮಾತ್ರ ದಿಂಬಿಗೆ!

ಹಾಗೆಂದು ಏಳನೆಯದಕ್ಕೆ ಇದರಲ್ಲಿ ಪಾಲೇ ಇಲ್ಲವೆಂದಲ್ಲ. ಅದರ ಒಂದು ಸಣ್ಣ ಕವಲು ಮೂಗಿನ ಹಿಂದಿನ ನರಗಂಟಿನ ಮೂಲಕ ಕಣ್ಣೀರಿನ ಗ್ರಂಥಿಯನ್ನೂ ಮೂಗಿನ ಒಳಪೊರೆಯನ್ನೂ ಆಳುತ್ತದೆ. ಐದನೆಯದು ಕೆರಳಿದರೆ ಇದೂ ತಾನಾಗಿ ಕೆರಳುತ್ತದೆ. ನಿಮ್ಮ ಕಣ್ಣೀರು, ಮೂಗಿನ ಕಟ್ಟು ಎರಡೂ ಅಲ್ಲಿಂದ ಬಂದವು. ಸೈನಸ್ ಸೋಂಕಾದರೆ ದಪ್ಪ ಹಳದಿ ಸಿಂಬಳ ಇಳಿಯುತ್ತದೆ, ವಾಸನೆ ಮಂದವಾಗುತ್ತದೆ. ಮದ್ದಿಲ್ಲದಿದ್ದರೆ 4ರಿಂದ 72 ಗಂಟೆ ಇರುವ, ಬೆಳಕು ಸಹಿಸಲಾಗದ, ವಾಕರಿಕೆಯ ನೋವು ಮೈಗ್ರೇನ್‌ನ ಲಕ್ಷಣ.

ಬೊಟಾಕ್ಸ್ ನಿಮಗೆ ಸದ್ಯ ಬೇಡ. ಮೂರು ತಿಂಗಳಿಗೂ ಹೆಚ್ಚು ಕಾಲ, ತಿಂಗಳಲ್ಲಿ 15 ದಿನವಾದರೂ ತಲೆನೋವಿದ್ದು, ಅದರಲ್ಲಿ 8 ದಿನವಾದರೂ ಮೈಗ್ರೇನ್ ಆಗಿದ್ದವರಿಗೆ ಅದು. 31 ಕಡೆ ಚುಚ್ಚಿ ಒಟ್ಟು 155 ಯೂನಿಟ್, 12 ವಾರಕ್ಕೊಮ್ಮೆ. ಹುಬ್ಬಿಗೆ ತೀರ ಹತ್ತಿರ ಚುಚ್ಚಿದರೆ ಮದ್ದು ಒಳಗಿಳಿದು ರೆಪ್ಪೆ ಕೆಲವು ವಾರ ಜೋತುಬೀಳುವುದುಂಟು.

ಮೊದಲು ನರರೋಗ ತಜ್ಞರನ್ನು ಕಂಡು, ನೋವಿನ ದಿನಗಳನ್ನೂ ನುಂಗಿದ ಮಾತ್ರೆಗಳನ್ನೂ ಕ್ಯಾಲೆಂಡರಿನಲ್ಲಿ ಬರೆದಿಟ್ಟು ತೋರಿಸಿ. ನೋವು ಶುರುವಾಗುತ್ತಲೇ ಮಾತ್ರೆ ತೆಗೆದುಕೊಳ್ಳಿ. ತಡವಾದರೆ ಹೊಟ್ಟೆಯ ಚಲನೆ ನಿಧಾನವಾಗಿ ಮದ್ದು ಮೈಗೆ ಹತ್ತುವುದಿಲ್ಲ. ಟ್ರಿಪ್ಟಾನ್ (ಮೈಗ್ರೇನ್ ನೋವಿಗೆಂದೇ ಇರುವ ಮಾತ್ರೆ) ತಿಂಗಳಿಗೆ 10 ದಿನ, ಪ್ಯಾರಾಸಿಟಮಾಲ್ 15 ದಿನ ಮುಟ್ಟಿದರೆ ಮಾತ್ರೆಯೇ ತಲೆನೋವು ತರಬಲ್ಲದು. ಹೃದಯದ ರಕ್ತನಾಳದ ಕಾಯಿಲೆ ಇದ್ದವರಿಗೆ ಟ್ರಿಪ್ಟಾನ್ ಕೂಡದು.

ಬಾಯಿ ಇದ್ದಕ್ಕಿದ್ದಂತೆ ಒಂದು ಕಡೆ ಎಳೆದರೆ ಮಾತ್ರ ಮೈಗ್ರೇನ್ ಎಂದುಕೊಂಡು ಕೂರಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ: ಅದು ಲಕ್ವವಿರಬಹುದು.