ಕೋವಿಡ್ ಸಮಯದಲ್ಲಿ ಆಸ್ಟ್ರೇಲಿಯಾದ ಎನ್‌ಡಿಐಎಸ್‌ಗೆ ಸಲಹೆ ಕೊಡುತ್ತಿದ್ದವರು ಯಾರು? ಅವರ ಮಾತು ನಡೆಯುತ್ತಿತ್ತಾ?

ಎನ್‌ಡಿಐಎಸ್ ಅಂದರೆ ಅಂಗವಿಕಲರಿಗೆ ನೆರವು ಕೊಡುವ ಅಲ್ಲಿನ ರಾಷ್ಟ್ರೀಯ ಯೋಜನೆ. ಅದನ್ನು ನಡೆಸುವ ಸಂಸ್ಥೆಯ ಮಂಡಳಿಗೆ ಸಲಹೆ ಕೊಡಲು ಒಂದು ಸ್ವತಂತ್ರ ಸಲಹಾ ಸಮಿತಿ ಇದೆ, 2013ರ ಕಾಯ್ದೆಯಲ್ಲೇ ಬರೆದಿಟ್ಟದ್ದು. ಅದರಲ್ಲಿ ಅಂಗವಿಕಲರೂ, ಅವರನ್ನು ನೋಡಿಕೊಳ್ಳುವವರೂ ಇರಲೇಬೇಕು. ಸುಮ್ನೆ ಹೆಸರಿಗಲ್ಲ, ಆದರೆ ತೀರ್ಮಾನ ಮಾತ್ರ ಮಂಡಳಿಯದ್ದೇ.

2020ರಲ್ಲಿ ಆರೋಗ್ಯ ಇಲಾಖೆಯೂ ಅಂಗವಿಕಲರಿಗಾಗಿಯೇ ಬೇರೆ ಕೋವಿಡ್ ಸಲಹಾ ಸಮಿತಿ ಮಾಡಿತು. ಆ ವರ್ಷ ಯೋಜನೆಯ ನಿಯಮಗಳೂ ಸಡಿಲವಾದವು: ಮನೆಗೆ ಬರುವ ಫಿಸಿಯೋಥೆರಪಿ ನಿಂತವರು ವಿಡಿಯೋ ಕಾಲ್‌ನಲ್ಲಿ ಮುಂದುವರಿಸಲು ತಮ್ಮ ನೆರವಿನ ಹಣದಲ್ಲೇ ಟ್ಯಾಬ್ಲೆಟ್ ಕೊಳ್ಳಬಹುದಿತ್ತು, ದಿನಸಿ ಮನೆಗೆ ತರಿಸಲು ಸೂಪರ್‌ಮಾರ್ಕೆಟ್‌ಗಳಲ್ಲಿ ಆದ್ಯತೆ ಸಿಕ್ಕಿತು. ಇದರಲ್ಲಿ ಯಾವುದು ಯಾರ ಸಲಹೆ ಅಂತ ಬಿಡಿಸಿ ಹೇಳೋದು ಕಷ್ಟ. ಸ್ನಾನ ಮಾಡಿಸಲು, ಊಟ ತಿನ್ನಿಸಲು ಬರುವವರಿಂದ ಆರಡಿ ದೂರ ನಿಲ್ಲೋಕೆ ಆಗಲ್ಲ ಅಲ್ವಾ? ಇದನ್ನು ಅನುಭವಿಸಿದವರೇ ಮೇಜಿನ ಎದುರು ಕೂತಿದ್ದರೆ ಮಾಸ್ಕ್, ಗ್ಲೌಸ್ ವಿಷಯ ಬೇಗ ಬರುತ್ತದೆ.